ಅರ್ಧ ಗಡ್ಡದ ಸುದ್ದಿ

ನಾನು ಪತ್ರಿಕೋದ್ಯಮ ತೆಗೆದುಕೊಂಡದ್ದು ಸಮಾಜವನ್ನು ತಿದ್ದಲಿಕ್ಕಲ್ಲ. ಆ ತರಗತಿಯಲ್ಲಿ ಗೆಳತಿ ರಿಜ್ವಾನಾ ಕೂತಿದ್ದಳು, ಪಕ್ಕದ ಜಾಗ ಖಾಲಿ ಇತ್ತು, ಅಷ್ಟೆ. ಸುರಪುರದ ಕಾಲೇಜಿನಲ್ಲಿ ನಾನು ಮುಖ್ಯವಾಗಿ ಓದುತ್ತಿದ್ದುದು ಇತಿಹಾಸ. ಪತ್ರಿಕೋದ್ಯಮ ಬರೀ ಮೈನರ್, ಅಂದರೆ ಊಟದ ಜೊತೆಗಿನ ಉಪ್ಪಿನಕಾಯಿ. ತಟ್ಟೆಯಲ್ಲಿ ಅದಕ್ಕೆ ಸಿಗುವುದು ಒಂದು ಮೂಲೆ, ಆದರೆ ಬೆರಳು ಮೊದಲು ಹೋಗುವುದು ಅಲ್ಲಿಗೇ.

ರಿಜ್ವಾನಾಳ ಅಬ್ಬಾ ಬಜಾರಿನಲ್ಲಿ ಟೇಲರ್. ಕಂಡವರನ್ನೆಲ್ಲ ನಿಲ್ಲಿಸಿ ಪ್ರಶ್ನೆ ಕೇಳುವುದೂ ಒಂದು ಓದೇ ಎಂದು ಅವರಿಗೆ ಅನುಮಾನ. ಒಂದು ಸೆಮಿಸ್ಟರ್ ನೋಡೋಣ, ಸರಿ ಕಾಣದಿದ್ದರೆ ಬೇರೆ ವಿಷಯ ತಗೋ ಎಂದು ಮಗಳಿಗೆ ಹೇಳಿಬಿಟ್ಟಿದ್ದರು. ಅವಳಿಲ್ಲದ ಬೆಂಚನ್ನು ನೆನೆಸಿಕೊಂಡರೇ ನನಗೆ ಬೇಜಾರು.

ಒಂದು ದಿನ ಊಟವಾದ ಮೇಲೆ ಸರ್ ನಮ್ಮನ್ನು ಸುದ್ದಿ ತರಲು ಊರೊಳಗೆ ಅಟ್ಟಿದರು. ಬಸ್ ಸ್ಟ್ಯಾಂಡಿನಲ್ಲಿ ಕೊಡೇಕಲ್ ಬಸ್ಸು ಹೊತ್ತು ಮೀರಿದರೂ ಹೊರಟಿರಲಿಲ್ಲ. ಒಳಗೆ ಜನ ಜಗಳಕ್ಕೆ ನಿಂತಿದ್ದರು. ನಮಗೆ ನಿಧಿ ಸಿಕ್ಕಂತಾಯಿತು. ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತಿದ್ದ ಹೆಂಗಸನ್ನು ವಿಚಾರಿಸಿದೆವು. ಅವರ ತಮ್ಮನಿಗೆ ಕೊಡೇಕಲ್ಲಿನಲ್ಲಿ ಹೆಣ್ಣು ನೋಡುವುದಿತ್ತು.

"ಗಡ್ಡಾ ತೆಗಿಸ್ಕೊಂಡು ಬರ್ತೀನಂತ ಹೋಗ್ಯಾನ್ರಿ," ಎಂದರು ಆಕೆ. "ನಾ ಬ್ಯಾಡ ಅಂದೆ. ಕೇಳಬೇಕಲ್ರಿ?"

ಬಸ್ಸು ಎರಡು ಪಕ್ಷವಾಗಿತ್ತು. ಗಡ್ಡಕ್ಕಾಗಿ ಕಾಯುವುದೇ ಎಂದು ಮುಂದಿನವರು, ಪಾಪ ಮದುವೆಯ ವಿಷಯ ಎಂದು ಹಿಂದಿನವರು. ನಾವು ಎರಡೂ ಕಡೆಯವರ ಅಭಿಪ್ರಾಯ ಬರೆದುಕೊಳ್ಳುತ್ತಿದ್ದಾಗ ಹುಡುಗ ಓಡಿಬಂದು ಹತ್ತಿದ. ಎಡಗೆನ್ನೆ ನುಣ್ಣಗೆ, ಬಲಗೆನ್ನೆಯಲ್ಲಿ ಪೊದೆ. ಬಸ್ಸು ಹೊರಡುತ್ತದೆಂಬ ಭಯಕ್ಕೆ ಕ್ಷೌರವನ್ನು ನಡುವಿನಲ್ಲೇ ಬಿಟ್ಟು ಎದ್ದುಬಂದಿದ್ದ. ಎರಡೂ ಪಕ್ಷಗಳು ಒಂದಾಗಿ ನಕ್ಕವು. ಆ ನಗೆಯಲ್ಲಿ ಕಂಡಕ್ಟರ್ ಸೀಟಿ ಊದಿದ್ದು ನಮಗೆ ಕೇಳಲಿಲ್ಲ, ನಾವು ಇಳೀತೀವಿ ಅಂದದ್ದು ಅವರಿಗೆ ಕೇಳಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಇಳಿಯಬಹುದಿತ್ತು. ಆದರೆ ಆ ಮುಖ ನೋಡಿ ಹುಡುಗಿ ಏನೆನ್ನುತ್ತಾಳೋ! ಹೆಂಗಸರಿಗೆ ಟಿಕೆಟ್ಟೂ ಪುಕ್ಕಟೆ. ರಿಜ್ವಾನಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರೂ ಕೂತೇಬಿಟ್ಟೆವು. ದಾರಿಯುದ್ದಕ್ಕೂ ಹುಡುಗನಿಗೆ ಸಲಹೆಗಳ ಮಳೆ. ಬಲಗೆನ್ನೆಗೆ ವಸ್ತ್ರ ಒತ್ತಿಕೊಂಡು ಹಲ್ಲುನೋವು ಅನ್ನು ಎಂದರು ಒಬ್ಬರು. ಹಲ್ಲಿಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅಕ್ಕ ರೇಗಿದರು.

ಕೊಡೇಕಲ್ಲಿನಲ್ಲಿ ಇಳಿದ ಮೇಲೆಯೇ ನಮಗೆ ಮನೆಯ ನೆನಪಾದದ್ದು. ರಿಜ್ವಾನಾ ಅಬ್ಬಾನಿಗೆ ಫೋನ್ ಮಾಡಿದಳು. ಅಲ್ಲಿಗೆ ಯಾಕೆ ಹೋದೆ ಎಂದಿದ್ದಕ್ಕೆ ಸುದ್ದಿ ತರಲು ಎಂದಳು. ಬಸ್ ಸ್ಟ್ಯಾಂಡಿಗೆ ಬರುತ್ತೇನೆ ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು. ಸುರಪುರದ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದೆವು. ಅವಳ ಜೊತೆಗಿನ ಬೆಂಚಿನ ಆಸೆ ಬಿಟ್ಟು ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ರಿಜ್ವಾನಾಳ ಅಬ್ಬಾ, ನನಗೆ ಚಾಚಾ, ಕೊರಳಲ್ಲಿ ಟೇಪು ಹಾಗೇ ಬಿಟ್ಟುಕೊಂಡು ನಿಂತಿದ್ದರು. ಏನಾಯಿತು, ಒಂದೂ ಬಿಡದೆ ಹೇಳಿ ಎಂದರು. ಗಡ್ಡದವರೆಗೆ ಅವರ ಹುಬ್ಬು ಗಂಟಾಗಿಯೇ ಇತ್ತು. ಹಲ್ಲುನೋವಿನ ಹತ್ತಿರ ತುಟಿ ಸ್ವಲ್ಪ ಅಲುಗಿತು. ಬಸ್ಸು ಸಿಕ್ಕಿತೆಂದು ಓಡಿಬಂದೆವು ಎಂದು ನಾನು ಕತೆ ಮುಗಿಸಿದೆ.

"ಮುಂದ?" ಎಂದರು ಚಾಚಾ.

"ಅಷ್ಟೇ ರೀ."

"ಅಷ್ಟೇ ಅಂದ್ರ? ಹುಡುಗಿ ಏನಂದ್ಲು?"

ನಮಗೆ ಗೊತ್ತಿರಲಿಲ್ಲ.

"ಅಷ್ಟು ದೂರ ಹೋಗಿ ಅದನ್ನ ಕೇಳದ ಬಂದೀರಿ?" ಎಂದು ಕೊಡೇಕಲ್ಲಿನ ಗಿರಾಕಿಯೊಬ್ಬರಿಗೆ ಅಲ್ಲೇ ಫೋನ್ ಹಚ್ಚಿದರು. ನಾವಿಬ್ಬರೂ ಆಚೀಚೆ ನಿಂತು ಕಿವಿ ಕೊಟ್ಟೆವು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ಹೂಂ ಅಂದಿದ್ದಳಂತೆ.

ಸುದ್ದಿ ಎಂದರೇನು ಎಂದು ಪುಸ್ತಕದಲ್ಲಿ ಎರಡು ಪುಟ ಇದೆ. ನನಗೀಗ ಅದು ಬೇಕಿಲ್ಲ. ಬೈಯಲು ಬಂದವರು ಬೈಯುವುದನ್ನು ಮರೆತು "ಮುಂದ?" ಅಂದರೆ, ಅದು ಸುದ್ದಿ.