ಹಳಸದ ಸಾಸಿವೆ

ಗಿರಿಜಕ್ಕ, ಶಿರಾಲಿಯಲ್ಲಿ ನಿಮ್ಮ ಅಡುಗೆ ನಿಲ್ಲುವಂತೆ ಮಾಡಿದವನು ನಾನು. ಅದಕ್ಕೆ ಒಂದೇ ಶಬ್ದ ಸಾಕಾಯಿತು. ಆ ಶಬ್ದ ಸುಳ್ಳೆಂದು ನನಗೆ ಗೊತ್ತಿತ್ತು.

ನಿಮಗೆ ನೆನಪಿರಬಹುದು — ಇಲ್ಲ, ಮರೆಯುವುದಾದರೂ ಹೇಗೆ? ನನ್ನ ದೊಡ್ಡಪ್ಪನ ಮಗನ ಮನೆಯ ಗೃಹಪ್ರವೇಶ. ಅಡುಗೆಗೆಂದು ಹೊಳನಗದ್ದೆಯಿಂದ ನಿಮ್ಮನ್ನು ಕರೆಸಿದ್ದರು. ಗಂಡ ತೀರಿಕೊಂಡ ಮೇಲೆ ನೀವೊಬ್ಬರೇ ವಹಿಸಿಕೊಂಡ ಮೊದಲ ದೊಡ್ಡ ಊಟ ಅದು. ನೈವೇದ್ಯ ಆದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ಅಂಗೈಗೆ ಒಂದು ಹನಿ ಹಾಕಿಸಿಕೊಂಡು ರುಚಿ ನೋಡಿ 'ಆತು, ಬಡಿಸಿ' ಅನ್ನುವವನು ನಮ್ಮ ಕೇರಿಯಲ್ಲಿ ನಾನೇ. ಊರಿಗೊಬ್ಬಳೇ ಪದ್ಮಾವತಿ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಜಂಬ.

ಕಾಯಿ, ಸಾಸಿವೆಕಾಳು ಅರೆದು ಕಲಸಿದ ನಿಮ್ಮ ಮಾವಿನಹಣ್ಣಿನ ಸಾಸಿವೆ ಅಂಗೈಗೆ ಬಿತ್ತು. ನೆಕ್ಕಿದೆ. ಘಾಟು ಮೂಗಿಗೆ ಏರಿತು. ನಮ್ಮ ಮನೆಯಲ್ಲಿ ಹಸಿ ತೆಂಗಿನಕಾಯಿಯ ಜೊತೆ ಆ ಕಾಳನ್ನು ಹೆಸರಿಗಷ್ಟೇ ಅರೆಯುತ್ತಾರೆ. ನೀವು ಧಾರಾಳವಾಗಿ ಹಾಕಿದ್ದಿರಿ. ನನಗೆ ಸೇರಲಿಲ್ಲ. ಹಾಗೆಂದೇ ಹೇಳಿದ್ದರೆ ಯಾರಾದರೂ ನಕ್ಕು, 'ನಿಮ್ಗೆ ಸೇರದಿದ್ರೆ ಬಿಡಿ ಮಾರಾಯ್ರೆ, ಉಳಿದವ್ರು ಉಣ್ತಾರೆ' ಅಂದು ಬಡಿಸುತ್ತಿದ್ದರು. ನನ್ನ ನಾಲಿಗೆಯೂ ಹತ್ತರಲ್ಲಿ ಹನ್ನೊಂದು ಎಂದು ಗೊತ್ತಾಗಿಬಿಡುತ್ತಿತ್ತು. ಅದಕ್ಕೇ —

"ಹಳಸಿದೆ," ಎಂದೆ.

"ಎಂತ? ಈಗಷ್ಟೇ ಅರೆದದ್ದು!" ಎಂದಿರಿ ನೀವು. ಸೌಟಿನಲ್ಲಿ ತೆಗೆದು ಎಲ್ಲರ ಮುಂದೆ ಹಿಡಿದಿರಿ. "ಒಂಚೂರು ನೋಡಿ. ಯಾರಾದ್ರೂ ನೋಡಿ."

ಒಂದು ಕೈಯೂ ಮುಂದೆ ಬರಲಿಲ್ಲ. ಸೇರುವುದು, ಬಿಡುವುದು ಅವರವರ ನಾಲಿಗೆಗೆ ಬಿಟ್ಟದ್ದು. ಹಳಸಿದೆಯೋ ಇಲ್ಲವೋ ಎಂಬುದನ್ನು ಅಲ್ಲಿದ್ದ ಯಾರು ಬೇಕಾದರೂ ನೋಡಿ ಹೇಳಬಹುದಿತ್ತು. ಆದರೆ ಹಳಸಿದೆ ಎಂದದ್ದನ್ನು ಬಾಯಿಗೆ ಹಾಕಿಕೊಳ್ಳುವವರು ಯಾರು?

ಆಗ ನೀವು ನನ್ನ ಕಡೆ ತಿರುಗಿ, "ಇನ್ನೊಮ್ಮೆ ನೋಡಿ, ಗೋವಿಂದಣ್ಣ," ಎಂದಿರಿ. ನೋಡಿದೆ. ತಾಜಾ ಕಾಯಿಯ ಸಿಹಿ, ಹಣ್ಣಿನ ಘಮ — ಎರಡನೆಯ ಸಲ ಹಿತವೂ ಆಯಿತು, ಹೇಳಲು ನಾಚಿಕೆ. ಆದರೂ, "ಹೌದು, ಹಳಸಿದೆ," ಎಂದೆ. ಪಾತ್ರೆಯನ್ನು ನೀವೇ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದಿರಿ.

ಆಮೇಲೆ ನಮ್ಮ ಕಡೆಯ ಯಾರೂ ನಿಮ್ಮನ್ನು ಕರೆಯಲಿಲ್ಲ. ಸುದ್ದಿ ಕುಮಟೆಯ ತನಕ ಹೋಯಿತು. ಈಗ ಅಲ್ಲಿಯದೇ ಒಂದು ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತೀರಿ ಎಂದು ಕೇಳಿದೆ. ಆ ಕೈ ತೊಳೆಯಬೇಕಾದ ಪಾತ್ರೆಗಳಲ್ಲ ಅವು.

ಮೊನ್ನೆ ಅದೇ ದೊಡ್ಡಪ್ಪನ ಮಗನ ಮನೆಯಲ್ಲಿ ಸೊಸೆಯ ಸೀಮಂತದ ಮಾತು ನಡೆದಿತ್ತು. ಅಡುಗೆಗೆ ನಾನೇ ನಿಮ್ಮ ಹೆಸರೆತ್ತಿದೆ.

"ಯಾರು, ಹಳಸಿದ ಸಾಸಿವೆ ಗಿರಿಜೆಯಾ?" ಎಂದರು ಅತ್ತಿಗೆ.

ಪಕ್ಕದಲ್ಲಿದ್ದ ಸೊಸೆಯೂ ತಲೆಯಾಡಿಸಿದಳು. ಆ ಊಟದ ಕಾಲಕ್ಕೆ ಅವಳು ಈ ಮನೆಗೆ ಬಂದೇ ಇರಲಿಲ್ಲ.

"ಹಳಸಿರ್ಲಿಲ್ಲ ಅತ್ತಿಗೆ. ನಂಗೆ ಸೇರ್ಲಿಲ್ಲ, ಅಷ್ಟೇ. ಅವತ್ತು ನಾ ಹೇಳಿದ್ದು ಸುಳ್ಳು."

ಅತ್ತಿಗೆ ನಕ್ಕುಬಿಟ್ಟರು. "ಪಾಪ ಕಂಡು, ಅವಳ ಮರ್ಯಾದೆ ಉಳಿಸೂಕೆ ಈಗ ಹಿಂಗೆ ಹೇಳೂದು ನೀನು."

ಅಂದು ನನ್ನ ಇಷ್ಟಾನಿಷ್ಟ ಊರಿಗೆ ನಿಜವಾಯಿತು. ಇಂದು ನಿಜ ಹೇಳಿದರೆ ಅದು ನನ್ನ ಮನಸ್ಸಿನ ಕನಿಕರವಂತೆ. ನೀವು ನಿಂತಲ್ಲೇ ಈಗ ನಾನು ನಿಂತಿದ್ದೇನೆ, ಗಿರಿಜಕ್ಕ. ನಿಮ್ಮ ಕೈಯಲ್ಲಿ ಸೌಟಾದರೂ ಇತ್ತು. ನೋಡಿ ಎನ್ನಲು ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ಮನೆಮನೆಗೆ ಹೋಗಿ ಹೇಳುತ್ತೇನೆ — ನಗಲಿ. ಹಳಸಿರಲಿಲ್ಲ.