ಗೋಣಿಚೀಲದ ಮೇಲಿನ ಡೈನಮೊ

ಇದನ್ನು ನಂಬಿ ಎಂದು ಕೇಳುವ ಧೈರ್ಯ ನನಗಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಆದರೆ ಆ ರಾತ್ರಿ ಶೆಡ್ಡಿನಲ್ಲಿ ಮೂವರಿದ್ದೆವು, ಮೂವರೂ ನೋಡಿದೆವು. ಬೆಳಗಾದ ಕೂಡಲೇ ಡೈರಿಯಲ್ಲಿ ಬರೆದಿಟ್ಟದ್ದನ್ನೇ ಹೇಳುತ್ತಿದ್ದೇನೆ.

ಅಣ್ಣ ಹೋಗಿ ವರ್ಷವಾಗಿತ್ತು. ತಳಕಲ್ಲಿನಿಂದ ಕತ್ತಲಲ್ಲಿ ಬರುವಾಗ ಟ್ರ್ಯಾಕ್ಟರಿನ ಲೈಟು ಆರಿ, ಗಾಡಿ ಹಳ್ಳಕ್ಕೆ ಉರುಳಿತ್ತು. ಅಪ್ಪನ ಕಾಲದ ಗಾಡಿ. ಲೈಟಿಗೆ ಕರೆಂಟು ಕೊಡುವ ಡೈನಮೊದ ಕಾರ್ಬನ್ ಸವೆದಿದೆ, ಕೊಪ್ಪಳದಿಂದ ಬರುವಾಗ ಹೊಸದು ತಾ ಎಂದು ಅಣ್ಣ ನನಗೆ ಫೋನಿನಲ್ಲಿ ಎರಡು ಸಲ ಹೇಳಿದ್ದ. ನಾನು ತಂದಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಣ್ಣನ ಹೆಂಡತಿ ವೈನಿಗಂತೂ ಇಲ್ಲವೇ ಇಲ್ಲ.

ಈಗ ಆ ಗಾಡಿಯನ್ನು ನಾನೇ ಹೊಡೆಯುತ್ತೇನೆಂದು ವೈನಿ ಹಟ ಹಿಡಿದಿದ್ದರು. ಲೈಟು ಮಾತ್ರ ನಂಬುವಂತಿರಬೇಕು ಎಂದರು. ಯಲಬುರ್ಗಾದ ಮಿಸ್ತ್ರಿ ಖಾಜಾಸಾಬರನ್ನು ಕರೆಸಿ, ಡೈನಮೊ ತೆಗೆದು, ಅದೇ ಕೆಲಸ ಮಾಡುವ ಹೊಸ ಕಾಲದ ಆಲ್ಟರ್ನೇಟರ್ ಕೂಡಿಸಲು ಹೇಳಿದೆ.

"ಮುದುಕಗ ಹೊಸ ಹಲ್ಲು ಕಟ್ಟಿದಂಗ ನೋಡ್ರಿ ಸರ್. ಕಡಿಯೂದಂತೂ ಛಲೋ ಕಡೀತಾನ. ನಡಿಯೂದು ಅವನ ಹಣಿಬಾರ," ಎಂದರು ಅವರು.

ಬೆಲ್ಟು ನೇರ ಬರಲಿಲ್ಲ. ಆಲ್ಟರ್ನೇಟರ್ ಹಿಡಿದಿಡುವ ಕಬ್ಬಿಣದ ಪಟ್ಟಿಯನ್ನು ಉಜ್ಜಿ ಉಜ್ಜಿ ಕೂಡಿಸುವಷ್ಟರಲ್ಲಿ ಕತ್ತಲಾಯಿತು. ನಡುವೆ ಅವರು ಹಳೆಯ ಡೈನಮೊಗೆ ಬ್ಯಾಟರಿಯ ಎರಡು ವೈರು ಮುಟ್ಟಿಸಿದರು. ಒಳಗೆ ಜೀವವಿದ್ದರೆ ಮೋಟರಿನಂತೆ ತಿರುಗಬೇಕಂತೆ. ತಿರುಗಲಿಲ್ಲ. ಬಿಚ್ಚಿ, ಕಾರ್ಬನ್ ತುಂಡುಗಳನ್ನು ಹೊರತೆಗೆದು ತೋರಿಸಿದರು. ಉಗುರಿನಷ್ಟೂ ಉಳಿದಿರಲಿಲ್ಲ.

ನೋಡಿದೆ. ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂದಷ್ಟೇ ಅನ್ನಿಸಿತು.

ಡೈನಮೊವನ್ನು ಮೂಲೆಯ ಗೋಣಿಚೀಲದ ಮೇಲಿಟ್ಟು ಇಂಜಿನ್ ಚಾಲೂ ಮಾಡಿದರು. ಎದುರಿನ ಗೋಡೆಗೆ ಬೆಳಕು ಬೆಳ್ಳಗೆ ಬಿತ್ತು. ಇಂಜಿನ್ ನಿಧಾನಿಸಿದರೂ ಮಂಕಾಗಲಿಲ್ಲ. ವೈನಿ ಬಾಗಿಲಲ್ಲಿ ನಿಂತು ತಲೆಯಾಡಿಸಿದರು. ಖಾಜಾಸಾಬರು ಇಂಜಿನ್ ಬಂದ್ ಮಾಡಿದರು.

ಆಗ ಕೇಳಿಸಿತು... ಗುಂಯ್... ಸಣ್ಣಗೆ.

ಸುಟ್ಟ ವಾರ್ನಿಶಿನ ವಾಸನೆ ಬಂತು. ಮೂವರೂ ಮೂಲೆಯತ್ತ ತಿರುಗಿದೆವು. ಗೋಣಿಚೀಲದ ಮೇಲೆ ಡೈನಮೊದ ಗಾಲಿ ತಿರುಗುತ್ತಿತ್ತು... ನಿಧಾನವಾಗಿ. ಅದಕ್ಕೆ ಒಂದು ವೈರೂ ಇರಲಿಲ್ಲ. ಕಾರ್ಬನ್ ತುಂಡುಗಳು ಟೂಲ್ ಡಬ್ಬಿಯ ಮುಚ್ಚಳದ ಮೇಲೇ ಇದ್ದವು.

"ನಾ ಏನೂ ಕೊಟ್ಟಿಲ್ರಿ ಸರ್..." ಖಾಜಾಸಾಬರು ಬ್ಯಾಟರಿಯ ವೈರುಗಳನ್ನು ಎತ್ತಿ ತೋರಿಸಿದರು.

ವೈನಿ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಮೇಲೆ ಅಂಗೈ ಇಟ್ಟರು. ಅಣ್ಣನ ಸಿಟ್ಟು ಇಳಿಸುವಾಗಿನ ಅದೇ ದನಿಯಲ್ಲಿ ಹೇಳಿದರು:

"ಸಾಕು ಬಿಡ್ರಿ. ನಿಮ್ಮ ತಮ್ಮ ಮರ್ತಾನ. ಬೇಕಂತ ಮಾಡಿಲ್ಲ."

ಗುಂಯ್ ಇಳಿಯಿತು... ನಿಂತಿತು.

ಖಾಜಾಸಾಬರು ಚಹಾ ಕುಡಿಯದೇ ಹೊರಟುಹೋದರು. ವೈನಿ ಈಗ ದಿನಾ ಗಾಡಿ ಹೊಡೆಯುತ್ತಾರೆ, ರಾತ್ರಿಯೂ. ಕಾರ್ಬನ್ನಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಅವರನ್ನು ಕೇಳಿಲ್ಲ. ಕೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅಣ್ಣ ಎರಡನೇ ಸಲ ಫೋನ್ ಮಾಡಿದ ದಿನ ಕೊಪ್ಪಳದಲ್ಲಿ ಬಿಡಿಭಾಗಗಳ ಅಂಗಡಿಯ ಮುಂದೆಯೇ ಹಾದು ಬಂದಿದ್ದೆ. ಅಂಗಡಿ ತೆರೆದಿತ್ತು. ಆಗ ಅಣ್ಣನ ಮಾತು ನೆನಪಿತ್ತೋ, ಇಲ್ಲವೋ... ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ನಾನು ಏನನ್ನೂ ಬರೆದಿಲ್ಲ.