ಎಳೆ ತಾಕಿದರೂ ತಿಳಿಯದ ಪಾದ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಗೀರುಗಳಿದ್ದವು. ವರ್ಷಗಟ್ಟಲೆ ನೂಲು ಕೊರೆದು ಮಾಡಿದ ಗೀರುಗಳು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಒಳಗಿನ ಕಪ್ಪು ಹೋಗುತ್ತಿರಲಿಲ್ಲ. ಆ ಎರಡು ಬೆರಳುಗಳ ನಡುವೆ ಒಂದು ಎಳೆ ಹಿಡಿದು ಹೊಸೆದರೆ ಸಾಕು, ಅದು ಎಷ್ಟನೇ ನಂಬರಿನ ನೂಲು, ಥಂಡಿ ಹಿಡಿದಿದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು.

ಮರಾಠಿ ಸೀಮೆಯ ಇಚಲಕರಂಜಿಗೆ ಹೊಂದಿಕೊಂಡ ಕಬನೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನಿರಲಿಲ್ಲ. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಅವರದು ವಹಿಫಣಿ ಕೆಲಸ. ಪವರ್‌ಲೂಮಿಗೆ ನೂಲು ಸುತ್ತಿದ ಹೊಸ ಬೀಮ್ ಏರಿಸುವ ಮೊದಲು ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೊಕ್ಕೆಯಿಂದ ಎಳೆದು ಫಣಿ ಎಂಬ ಉಕ್ಕಿನ ಬಾಚಣಿಗೆಯ ಹಲ್ಲುಗಳ ನಡುವೆ ಪೋಣಿಸಬೇಕು. ಒಂದೇ ಒಂದು ಎಳೆ ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದಕ್ಕಾಗಿ ನೆಲದ ಮೇಲೆ ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಕು, ಅದೂ ಬರಿಗಾಲಲ್ಲಿ. ಬೀಮಿನ ಹತ್ತಿರ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಏಳುವ ಹೊತ್ತಿಗೆ ಎಲ್ಲರ ಕಾಲೂ ಜೋಮು ಹಿಡಿದಿರುತ್ತಿತ್ತು. ಕಾಕಾ ತಮ್ಮ ಪಾದಕ್ಕೆ ಎರಡೇಟು ಹಾಕಿ, "ಏಳೋ ಮಗನ, ಎಷ್ಟೊತ್ತ ಮಲಗ್ತಿ? ಚಾ ಆರಾಕತ್ತೇತಿ" ಎನ್ನುತ್ತಿದ್ದರು. ಶೆಡ್ಡಿನವರೆಲ್ಲ ನಗುತ್ತಿದ್ದರು. ಕಾಲಿಗೆ ಜೋಮು ಹಿಡಿಯುವುದು ನಮ್ಮ ಓಣಿಯಲ್ಲಿ ಕಾಯಿಲೆಯಲ್ಲ, ದುಡಿಯುವವನ ಗುರುತು.

ನಾನು ಹನ್ನೆರಡನೆಯ ತರಗತಿ ಮುಗಿಸಿದಾಗ ಅಪ್ಪ ನನ್ನನ್ನು ಅವ್ವನ ಪಕ್ಕದಲ್ಲಿ ನೂಲಿನ ಕಾಂಡಿ ಸುತ್ತುವ ಮಷೀನಿಗೆ ಕೂರಿಸಲು ಮಾತಾಡಿ ಬಂದಿದ್ದ. ಅಂದು ಸಂಜೆ ಕಾಕಾ ನಮ್ಮ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ. ಗೀರು ಬಿದ್ದ ಬೆರಳುಗಳನ್ನು ಅಪ್ಪನ ಮೂಗಿನ ಮುಂದೆ ಹಿಡಿದರು.

"ಇದನ್ನ ನೋಡ. ಮಗಳ ಕೈಗೂ ಇದ ಬೇಕೇನ ನಿನಗ?"

"ಕಲತ ಏನ್ ಮಾಡ್ತಾಳ? ಕಲೆಕ್ಟರ್ ಆಗ್ತಾಳೇನ?" ಎಂದ ಅಪ್ಪ.

"ಆಗೂದಿಲ್ಲ ಬಿಡ. ಡಾಕ್ಟರ ಚೀಟಿಯರ ಓದ್ತಾಳ. ನಮ್ಮ ಓಣ್ಯಾಗ ಅದನ್ನ ಓದಾವ್ರ ಯಾರದಾರ, ನೀನೋ, ನಾನೋ?"

ಅಪ್ಪ ಸೋತ. ನಾನು ಇಚಲಕರಂಜಿಯ ಕಾಲೇಜಿಗೆ ನಡೆದುಕೊಂಡೇ ಹೋಗಿ ಬಿ.ಎ. ಮುಗಿಸಿದೆ, ಆಮೇಲೆ ಬಿ.ಎಡ್. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕಾಕಾ ಹೇಳಿದಂತೆಯೇ ಆಯಿತು. ಓಣಿಯವರು ಡಾಕ್ಟರ ಚೀಟಿ, ರಕ್ತದ ರಿಪೋರ್ಟು ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. ನಾನು ಮೊಬೈಲಿನಲ್ಲಿ ಶಬ್ದ ಹುಡುಕಿ ಗಂಭೀರವಾಗಿ ಅರ್ಥ ಹೇಳುತ್ತಿದ್ದೆ. ಒಮ್ಮೆ ಕಾಕಾ ತಮ್ಮ ರಿಪೋರ್ಟು ತಂದಾಗ, "ನಿಮಗ ಮಧುಮೇಹ ಆಗೇತ್ರಿ" ಎಂದೆ.

"ಯಾವೂರವ ಅವ? ನಮ್ಮ ಪೈಕಿ ಅಲ್ಲ ಬಿಡ" ಎಂದು ನಕ್ಕರು. "ಶುಗರ್ ಅನ್ನ. ನಿಮ್ಮ ಕಾಕುಗ ತಿಳಿಯೂ ಮಾತ ಹೇಳಬೇಕ ತಂಗಿ. ಆಕಿ ಹೂಂ ಅಂದ್ರ ಜಗತ್ತಿಗೆಲ್ಲಾ ತಿಳಿದಂಗ."

ಒಲೆಯ ಮುಂದಿದ್ದ ಕಾಕು, "ನನಗ ತಿಳೀತ. ನಾಳಿಂದ ಚಾಕ್ಕ ಸಕ್ರಿ ಬಂದ್" ಎಂದರು. ಕಾಕಾ ಮುಖ ಸಣ್ಣದು ಮಾಡಿಕೊಂಡರು. ಅಂದಿನಿಂದ ನಾನು ಬಿ.ಪಿ.ಯನ್ನು ರಕ್ತದೊತ್ತಡ ಎನ್ನುವುದನ್ನು ಬಿಟ್ಟೆ. ಗುಳಿಗೆಯನ್ನು ಉಂಡ ಮೇಲೆ ತಗೋಬೇಕೋ ಮೊದಲೋ ಎಂಬುದನ್ನು ಬಂದವರ ಬಾಯಿಂದಲೇ ಒಮ್ಮೆ ತಿರುಗಿ ಹೇಳಿಸುವುದನ್ನು ಕಲಿತೆ. ಕಾಕಾ ಮಾತ್ರ ಗುಳಿಗೆ ನೆನಪಾದಾಗ ನುಂಗಿದರು, ಮರೆತಾಗ ಬಿಟ್ಟರು.

ಗಡಹಿಂಗ್ಲಜದ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿಗೆ ಹೊರಡುವ ಮೊದಲಿನ ವಾರ ನಮ್ಮ ಓಣಿಯ ಸಮಾಜ ಮಂದಿರದಲ್ಲಿ ಶುಗರ್ ತಪಾಸಣೆಯ ಶಿಬಿರ ಬಂತು. ಕಾಲು ನೋಡಲು ಬಂದಿದ್ದ ಹುಡುಗಿಗೆ ಮರಾಠಿ ಮಾತ್ರ ಬರುತ್ತಿತ್ತು. ಮುದುಕರಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅವಳ ಕೈಯಲ್ಲಿ ಪೆನ್ನಿನಂಥ ಹಿಡಿಕೆ, ಅದರ ತುದಿಗೆ ಒಂದೇ ಒಂದು ನೈಲಾನ್ ಎಳೆ. ಆ ಎಳೆಯನ್ನು ಅಂಗಾಲಿಗೆ ತಾಕಿಸುವುದು. ಕಣ್ಣು ಮುಚ್ಚಿಕೊಂಡವರು ತಾಕಿದ್ದು ತಿಳಿದಾಗ ಹಾಂ ಎನ್ನುವುದು. ತಿಳಿಯದಿದ್ದರೆ ಶುಗರ್ ನರಗಳನ್ನು ತಿಂದಿದೆ ಎಂದರ್ಥ. ಹಾಗೆ ಕಂಡವರನ್ನು ಕೊಲ್ಲಾಪುರದ ಆಸ್ಪತ್ರೆಗೆ ಕಳಿಸುತ್ತಿದ್ದಳು, ದಿನಾ ಅಂಗಾಲು ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು ಎಂದು ಹೇಳಿಕೊಡುತ್ತಿದ್ದಳು.

ಕಾಕಾ ಕೂತವರೇ ಆ ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ನೋಡಿದರು. "ಪ್ಲಾಸ್ಟಿಕ್ ಐತ್ರೆಪಾ. ಮಗ್ಗಕ್ಕ ಬರೂದಿಲ್ಲ, ಮೀನಾ ಹಿಡೀಬೇಕಷ್ಟ." ಹಿಂದೆ ಸಾಲಿನಲ್ಲಿದ್ದ ಅವರ ಜೊತೆಗಾರರು ಹೋ ಎಂದು ನಕ್ಕರು.

"ಡೋಳೆ ಮಿಟಾ, ಕಾಕಾ" ಎಂದಳು ಹುಡುಗಿ. ಅವರು ಕಣ್ಣು ಮುಚ್ಚಿದರು.

ಅವಳು ಒಂದೇ ಲಯದಲ್ಲಿ ತಾಕಿಸುತ್ತ ಹೋದಳು. ಅವರು ಅದೇ ಲಯದಲ್ಲಿ ಹಾಂ, ಹಾಂ ಎನ್ನುತ್ತ ಹೋದರು. ನಡುವೆ ಯಾರೋ ಕರೆದರೆಂದು ಅವಳು ಎಳೆಯನ್ನು ಎತ್ತಿ ಹಿಂದೆ ತಿರುಗಿದಳು. ಪಾದಕ್ಕೆ ಏನೂ ತಾಕಿರಲಿಲ್ಲ. "ಹಾಂ" ಎಂದರು ಕಾಕಾ.

ಅದನ್ನು ನಾನೊಬ್ಬಳೇ ನೋಡಿದೆ. ಅವರು ಒಂದು ಕಣ್ಣು ತೆರೆದರು. ನನ್ನ ಮುಖ ನೋಡಿ ಮತ್ತೆ ಮುಚ್ಚಿದರು.

ಹುಡುಗಿ ಕಾಗದದಲ್ಲಿ ಕಾಲು ಚೆನ್ನಾಗಿದೆ ಎಂದು ಬರೆದಳು. ನಾನು ಬಾಯಿ ಬಿಡಲಿಲ್ಲ. ನೂಲಿನ ನಾಡಿ ಬಲ್ಲವರು ಎನಿಸಿಕೊಂಡ ಮನುಷ್ಯನಿಗೆ ಎಳೆ ತಾಕಿದ್ದು ತಿಳಿಯಲಿಲ್ಲ ಎಂದು ಇಡೀ ಸಾಲಿನ ಮುಂದೆ ಹೇಗೆ ಹೇಳಲಿ? ಮನೆಯ ದಾರಿಯಲ್ಲಿ ಅವರೇ ಮಾತು ತೆಗೆದರು. "ಕುಂತ ಕುಂತ ಜೋಮ ಹಿಡದಾವ ತಂಗಿ. ನಮ್ಮವೆಲ್ಲಾರವೂ ಹಂಗ." ನಾನು ಹೌದ್ರಿ ಎಂದೆ. ಆ ಓಣಿಯಲ್ಲೇ ಬೆಳೆದವಳು ನಾನು. ಅರ್ಧ ನಂಬಿಯೂ ಬಿಟ್ಟಿದ್ದೆ.

ಮಳೆಗಾಲದಲ್ಲಿ ಒಂದು ದಿನ ಕಾಕು ಕಸ ಹೊಡೆಯುವಾಗ ಬಾಗಿಲಿನಿಂದ ಹಾಸಿಗೆಯ ತನಕ ನೆಲದ ಮೇಲೆ ಕಂದು ಕಲೆಗಳಿದ್ದವಂತೆ. ಗಂಡನ ಕಾಲು ಎತ್ತಿ ನೋಡಿದರೆ ಅಂಗಾಲಿನಲ್ಲಿ ಫಣಿಯ ಮುರಿದ ಹಲ್ಲು, ಉಗುರಿನಷ್ಟು ಉದ್ದದ ಉಕ್ಕಿನ ಚೂರು, ಒಳಗೆ ನೆಟ್ಟು ಕೂತಿತ್ತು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದರೋ. ಕಾಕು ಚೂರನ್ನು ಕಿತ್ತು ಅರಿಸಿನ ತುಂಬಿದರು. ಕಾಕಾ ಮರುದಿನವೇ ಕೆಲಸಕ್ಕೆ ಹೋದರು.

ಸುದ್ದಿ ತಿಳಿದು ನಾನು ಗಡಹಿಂಗ್ಲಜದಿಂದ ಫೋನು ಮಾಡಿದೆ. "ನೋವ ಐತೇನ್ರಿ ಕಾಕಾ?"

"ಒಂದ ಚೂರೂ ಇಲ್ಲ ತಂಗಿ. ನೀ ಸಾಲಿ ನೋಡ್ಕೋ."

ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನೋವಿಲ್ಲದಿರುವುದೇ ಅವರ ಕಾಯಿಲೆ ಎಂದು ನಮ್ಮ ಓಣಿಯವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕೆಂಪಾಗಿದೆಯೇ, ಬಿಸಿಯಾಗಿದೆಯೇ, ವಾಸನೆ ಬರುತ್ತದೆಯೇ ಎಂದು ಕಾಕುವನ್ನು ಕೇಳಬೇಕಿತ್ತು. ನೋವಿದೆಯೇ ಎಂದು ಅವರನ್ನು ಕೇಳಿ ಫೋನು ಇಟ್ಟೆ.

ಎರಡು ವಾರದ ಮೇಲೆ ನಾನು ಕೊಲ್ಲಾಪುರದ ಆಸ್ಪತ್ರೆಯಲ್ಲಿದ್ದೆ. ಕಾಕಾರ ಕಾಲ್ಬೆರಳುಗಳು ಕಪ್ಪಾಗಿದ್ದವು. ಹೊರಗೆ ಡಾಕ್ಟರಬಾಯಿ ಮರಾಠಿಯಲ್ಲಿ ನನಗೆ ಎಲ್ಲ ವಿವರಿಸಿ, ನೀವೇ ಅವರಿಗೆ ತಿಳಿಯುವಂತೆ ಹೇಳಿ ಎಂದು ಒಳಗೆ ಕಳಿಸಿದರು. ನಾನು ಮಂಚದ ಪಕ್ಕ ನಿಂತು, ಸೋಂಕು ಹೆಚ್ಚಾಗಿದೆ, ಶಸ್ತ್ರಚಿಕಿತ್ಸೆ ಅನಿವಾರ್ಯ ಎಂದೆಲ್ಲ ತಡವರಿಸಿದೆ. ಕಾಕು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಪುಸ್ತಕ ಮುಚ್ಚ ತಂಗಿ" ಎಂದರು ಕಾಕಾ. "ಏನಾಗೇತಿ ಹೇಳ."

"ಕಾಲ ಸತ್ತೈತ್ರಿ ಕಾಕಾ. ಕೊಳತ ಮ್ಯಾಲ ಏರಾಕತ್ತೇತಿ. ಇವತ್ತ ಮೊಣಕಾಲ ಕೆಳಗ ಕಡೀಬೇಕಂತ. ಕಡೀಲಿಲ್ಲಂದ್ರ ನೀವ ಉಳಿಯೂದಿಲ್ಲ. ಕಡದ್ರೂ ಉಳೀತೀರಂತ ಖಾತ್ರಿ ಹೇಳಾಕ ಬರೂದಿಲ್ಲಂತ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಕಾಕಾ ಬಹಳ ಹೊತ್ತು ಆ ಪಾದವನ್ನು ನೋಡಿದರು, ಯಾರದೋ ಎನ್ನುವಂತೆ. ಆಗ ನಾನು ಶಿಬಿರದ ಮಾತು ತೆಗೆದೆ. ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ ಎಂದು ಹೇಳಿದೆ. ಅವರು ನನಗೆ ಒಂದು ಮಾತು ಹೇಳಿ, ಸಹಿ ಮಾಡಲು ಪೆನ್ನು ಕೇಳಿದರು.

ಕಾಲು ತೆಗೆದ ಐದನೆಯ ದಿನ ಕಾಕಾ ತೀರಿಹೋದರು.

ತಿಂಗಳ ಮೇಲೆ ನಾನು ಊರಿಗೆ ಬಂದಾಗ ಕಾಕು ಆಸ್ಪತ್ರೆಯ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ಎಲ್ಲರೂ ನಮ್ಮ ಬಾಗಿಲಿಗೆ ಬರುವಂತೆ ಅವರೂ ಬಂದು ಕಟ್ಟೆಯ ಮೇಲೆ ಕೂತರು. "ಏನಾಗಿ ಹ್ವಾದ್ರಂತ ಬರದಾರ? ಓದ."

ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. "ಕಾಲಾಗಿನ ನಂಜ ರಕ್ತಕ್ಕ ಏರಿತ್ರಿ. ಅದರಿಂದ ಒಳಗಿಂದೆಲ್ಲಾ ಕೆಲಸಾ ಬಂದಾತ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಶಿಬಿರದ ದಿನದ್ದನ್ನೂ ಹೇಳಿದೆ.

ಕಾಕು ಕಾಗದವನ್ನು ಮಡಚಿದರು. "ಆವತ್ತ ಹೇಳಿದ್ರ ಕಾಲ ಉಳೀತಿತ್ತೇನ?"

"ಉಳೀಬಹುದಿತ್ತ."

"ಅವರಿಗೆ ಹೇಳಿದ್ಯಾ ಇದನ್ನ?"

"ಹೇಳೀನ್ರಿ. ಆಪರೇಶನ್ ಮೊದಲ."

"ಏನಂದ್ರು?"

"ನೀ ಅಂದಿದ್ರ ಎಲ್ಲಾರ ಮುಂದ ನಿನ್ನ ಸುಳ್ಳಿ ಮಾಡ್ತಿದ್ನಿ ತಂಗಿ, ಅಂದ್ರು."

ಓಣಿಯ ಆಚೆ ಮಗ್ಗಗಳು ಬಡಿಯುತ್ತಿದ್ದವು.

"ಮಾಡ್ತಿದ್ರು. ಅವರ ಸ್ವಭಾವನ ಹಂಗ" ಎಂದು ಎದ್ದರು. ಮೆಟ್ಟಿಲು ಇಳಿದು, ತಿರುಗಿ ನನ್ನನ್ನು ನೋಡಿದರು. "ಆದ್ರೂ ನೀ ಅನಬೇಕಾಗಿತ್ತ."